ಮಾಣಿಯ ಎಡಗೈ: ನಮ್ಮ ಕಾಮಿಕ್ಸ್ ಎಲ್ಲಿಗೆ ಬಂತು

ಮೇ ಕೊನೆ

ಕಥೆ ಒಂದು ಹದಕ್ಕೆ ಬಂದಿದೆ. ಹದಿನಾರು ಪುಟ, ಎ5 ಅಳತೆ, ಕಪ್ಪು-ಬಿಳುಪು. ನಾಲ್ಕು ಎ4 ಹಾಳೆ ಮಡಚಿ ನಡುವೆ ಪಿನ್ನು ಹೊಡೆದರೆ ಪುಸ್ತಕ ಸಿದ್ಧ. ಓದುವವರು ಡೊಂಬಿವಲಿಯ ನಮ್ಮ ಶನಿವಾರದ ಕನ್ನಡ ತರಗತಿಯ ಮಕ್ಕಳು. ಮನೆಯಲ್ಲಿ ತುಳುವೋ ಕನ್ನಡವೋ, ಶಾಲೆಯಲ್ಲಿ ಇಂಗ್ಲಿಷ್, ಆಟಕ್ಕೆ ಇಳಿದರೆ ಹಿಂದಿ-ಮರಾಠಿ. ನೀತಿಕಥೆಯ ಪುಸ್ತಕ ಚಾಚಿದರೆ ಮೂಗು ಮುರಿಯುವ ಈ ಮಂದಿಗೆ ಸೂಪರ್‌ಹೀರೊ ಕೊಟ್ಟರೆ ಕನ್ನಡ ಓದುತ್ತಾರೇನೋ ಎಂಬುದು ನನ್ನ ಲೆಕ್ಕಾಚಾರ.

ನಾಯಕನ ಹೆಸರು ಗಣಪ. ಕುಂದಾಪುರದ ಕಡೆಯ ಹುಡುಗ, ಮುಂಬಯಿಯ ಮಾಟುಂಗಾದ ಒಂದು ಹೋಟೆಲಿನಲ್ಲಿ ಮಾಣಿ. ಕಾಲ 1970ರ ದಶಕ. ಹಗಲು ಹೋಟೆಲು, ಸಂಜೆಯ ಮೇಲೆ ಕನ್ನಡ ರಾತ್ರಿ ಶಾಲೆ, ತಲೆದಿಂಬಿನ ಕೆಳಗೆ ಒಂದು ಇಂದ್ರಜಾಲ ಕಾಮಿಕ್ಸ್. (1964ರಿಂದ ಅದನ್ನು ಇದೇ ಊರಿನಿಂದ ಟೈಮ್ಸ್ ಆಫ್ ಇಂಡಿಯಾ ಬಳಗ ಹೊರತರುತ್ತಿತ್ತು, ಕನ್ನಡದಲ್ಲೂ.) ಗಣಪನ ಶಕ್ತಿ ಒಂದೇ: ಅವನ ಎಡಗೈ ಮೇಲೆ ಇಟ್ಟದ್ದು ಯಾವುದೂ ಬೀಳುವುದಿಲ್ಲ. ದೋಸೆಯ ತಟ್ಟೆಗಳನ್ನು ಮೊಣಕೈವರೆಗೆ ಜೋಡಿಸಿಕೊಂಡು ಜನಸಂದಣಿಯಲ್ಲಿ ನುಸುಳಿ ಬರುವವರನ್ನು ಕಂಡವರಿಗೆ ಇದು ಅಂಥ ದೊಡ್ಡ ಪವಾಡ ಅನ್ನಿಸಲಿಕ್ಕಿಲ್ಲ. ಆದರೆ ಒಂದು ಷರತ್ತು ಇಟ್ಟಿದ್ದೇನೆ. ಬೀಳುವುದಿಲ್ಲ, ಅಷ್ಟೆ, ಭಾರವೆಲ್ಲ ಅವನದೇ. ಇಡೀ ಪುಸ್ತಕ ನಿಂತಿರುವುದು ಈ ಷರತ್ತಿನ ಮೇಲೆ.

ಅಕ್ಕನ ಮಗ ಒಂಬತ್ತನೆಯ ತರಗತಿಯವನು, ತನ್ನನ್ನು ತಾನೇ ಸಂಪಾದಕನಾಗಿ ನೇಮಿಸಿಕೊಂಡಿದ್ದಾನೆ. ಕಥೆ ಓದಿ ಕೇಳಿದ ಮೊದಲ ಪ್ರಶ್ನೆ: "ವಿಲನ್ ಎಲ್ಲಿ, ಚಿಕ್ಕಮ್ಮ?"

ಜೂನ್

ವಿಲನ್ ಬೇಕೇ ಬೇಡವೇ ಎಂಬ ಚರ್ಚೆಯಲ್ಲೇ ಅರ್ಧ ತಿಂಗಳು ಹೋಯಿತು. ಹೋಗಲಿ, ವ್ಯರ್ಥವಾಗಲಿಲ್ಲ.

ನಾನು ಮುಂದಿಟ್ಟದ್ದು 1938ರ ಸೂಪರ್‌ಮ್ಯಾನ್‌ನನ್ನು. ಜೆರ್ರಿ ಸೀಗಲ್ ಬರೆದು ಜೋ ಶುಸ್ಟರ್ ಚಿತ್ರಿಸಿದ ಆ ಮೊದಲ ಕಥೆಯಲ್ಲಿ ಲೋಕ ನುಂಗುವ ರಾಕ್ಷಸ ಯಾರೂ ಇಲ್ಲ. ಮರಣದಂಡನೆಗೆ ಗುರಿಯಾದ ನಿರಪರಾಧಿ ಹೆಂಗಸನ್ನು ಉಳಿಸಲು ಅವನು ಅಪರಾತ್ರಿಯಲ್ಲಿ ಗವರ್ನರ್ ಮನೆಯ ಬಾಗಿಲು ಮುರಿಯುತ್ತಾನೆ. ಹೆಂಡತಿಗೆ ಹೊಡೆಯುವವನೊಬ್ಬನನ್ನು ಎತ್ತಿ ಗೋಡೆಗೆ ಬಡಿಯುತ್ತಾನೆ. ಒಬ್ಬ ಸೆನೆಟರ್‌ನ ಒಳವ್ಯವಹಾರದ ಬೆನ್ನು ಹತ್ತುತ್ತಾನೆ. ಆಗ ಅವನಿಗೆ ಹಾರಲೂ ಬರುತ್ತಿರಲಿಲ್ಲ. ಮೈಲಿಯ ಎಂಟನೆಯ ಒಂದು ಪಾಲು, ಎಂದರೆ ಸುಮಾರು 200 ಮೀಟರ್ ನೆಗೆಯುತ್ತಿದ್ದ. ಬರಬರುತ್ತ ಬಲ ಏರುತ್ತಲೇ ಹೋಯಿತು. ಕೊನೆಗೆ ಅವನನ್ನು ಬಗ್ಗಿಸಲು ಕ್ರಿಪ್ಟೊನೈಟ್ ಎಂಬ ಕಲ್ಲನ್ನೇ ಹುಟ್ಟಿಸಬೇಕಾಯಿತು: ಮೊದಲು 1943ರಲ್ಲಿ ರೇಡಿಯೊ ಸರಣಿಗೆ, 1949ರಲ್ಲಿ ಕಾಮಿಕ್ಸ್‌ಗೆ. ನಾಯಕನಿಗೆ ಎಲ್ಲವೂ ಸಾಧ್ಯ ಎಂದಾದ ಮೇಲೆ ಅವನ ಎದುರು ದಿನಕ್ಕೊಬ್ಬ ರಾವಣನನ್ನು ನಿಲ್ಲಿಸುವುದು ಕಥೆಗಾರನ ಕರ್ಮ. ಗಣಪನಿಗೆ ಆ ಗತಿ ಬೇಡ.

ಸಂಪಾದಕ ಬಿಡುತ್ತಾನೆಯೇ? ಅವನ ದೇವರು ಕ್ಯಾಪ್ಟನ್ ಅಮೆರಿಕ. 2011ರ ಸಿನಿಮಾದಲ್ಲಿ ತರಬೇತಿ ಶಿಬಿರದ ದೃಶ್ಯವೊಂದಿದೆ. ಅಧಿಕಾರಿ ಗ್ರೆನೇಡ್ ಎಸೆಯುತ್ತಾನೆ, ಗಟ್ಟಿಮುಟ್ಟಾದವರೆಲ್ಲ ಚೆಲ್ಲಾಪಿಲ್ಲಿ, ಕಡ್ಡಿಯಂಥ ಸ್ಟೀವ್ ರೋಜರ್ಸ್ ಒಬ್ಬನೇ ಅದರ ಮೇಲೆ ಮೈಚೆಲ್ಲುತ್ತಾನೆ. ಅದು ಸ್ಫೋಟಿಸದ ಹುಸಿ ಗ್ರೆನೇಡ್, ಅವನಿಗೆ ಗೊತ್ತಿಲ್ಲ. "ನೋಡಿ, ಧೈರ್ಯ ಹೇಗಿದೆ!" ಎಂದ. ನೋಡಿದೆ. ಔಷಧಿ ಚುಚ್ಚಿ ಬಲ ತುಂಬುವುದು ಆಮೇಲೆ ಅಲ್ಲವೇ ಎಂದು ಕೇಳಿದೆ. ಮಗರಾಯ ಸುಮ್ಮನಾದ. ಸ್ಪೈಡರ್‌ಮ್ಯಾನ್‌ನದು ಇದರ ತಿರುವುಮುರುವು. 1962ರ ಮೊದಲ ಕಥೆಯಲ್ಲಿ ಪೀಟರ್ ಪಾರ್ಕರ್‌ಗೆ ಬಲ ಮೊದಲು ಬರುತ್ತದೆ. ಎದುರಿಗೇ ಓಡಿಹೋಗುವ ಕಳ್ಳನನ್ನು ತನಗೇನು ಎಂದು ಬಿಡುತ್ತಾನೆ. ಅದೇ ಕಳ್ಳ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಆ ಬೇಜವಾಬ್ದಾರಿಯ ಒಂದು ಚೌಕ ಇಲ್ಲದಿದ್ದರೆ ಅವನು ಗೋಡೆ ಹತ್ತುವ ಹುಡುಗನಾಗಿಯೇ ಉಳಿಯುತ್ತಿದ್ದ. ನನ್ನ ನಾಲ್ಕನೆಯ ಪುಟಕ್ಕೆ ಧೈರ್ಯ ಬಂದದ್ದು ಇಲ್ಲಿಂದ. ಅಲ್ಲಿ ಮುದುಕಿಯೊಬ್ಬಳು ಮೂರನೆಯ ಮಹಡಿಗೆ ನೀರಿನ ಕೊಡ ಒಯ್ಯಲು ಕರೆಯುತ್ತಾಳೆ, ಗಣಪ ಕೇಳಿಸದವನಂತೆ ಹೋಗುತ್ತಾನೆ.

ವೇಷದ ಪ್ರಶ್ನೆ ಬೇಗ ಇತ್ಯರ್ಥವಾಯಿತು. ಯಕ್ಷಗಾನ ನೋಡಿ ಬೆಳೆದವಳಿಗೆ ವೇಷದ ಬಗ್ಗೆ ತಾತ್ಸಾರ ಇಲ್ಲ; ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದರೆ ರಾಕ್ಷಸ ಯಾರೆಂದು ಭಾಗವತರು ಹೇಳಬೇಕಾಗಿಲ್ಲ. ಆದರೆ ಮಾಣಿಗೆ ಮುಖವಾಡ ಯಾಕೆ? ತಟ್ಟೆ ಇಟ್ಟು ಹೋದವನ ಮುಖವನ್ನು ಯಾರು ನೋಡುತ್ತಾರೆ? ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ ಇದೆ, ಸಾಕು. ಇಂದ್ರಜಾಲದ ಬಹಾದುರ್ ಕುರ್ತಾ-ಜೀನ್ಸ್‌ನಲ್ಲೇ ಡಕಾಯಿತರನ್ನು ಎದುರಿಸಿದ.

ಬಹಾದುರ್ ಹೆಸರು ಬಂದ ಮೇಲೆ ಅವನ ಸೃಷ್ಟಿಕರ್ತನನ್ನು ಬಿಟ್ಟು ಮುಂದೆ ಹೋಗಲಾರೆ. ಆಬಿದ್ ಸುರ್ತಿ 1976ರಲ್ಲಿ ಆ ಪಾತ್ರವನ್ನು ರೂಪಿಸಿದವರು: ಡಕಾಯಿತನ ಮಗ, ಅಪ್ಪನನ್ನು ಕೊಂದ ಪೊಲೀಸ್ ಅಧಿಕಾರಿಯ ಆಸರೆಯಲ್ಲೇ ಬೆಳೆದು ಊರು ಕಾಯುವವನಾಗುತ್ತಾನೆ. ಇದೇ ಸುರ್ತಿಯವರು ಎಪ್ಪತ್ತು ದಾಟಿದ ಮೇಲೆ, 2007ರಲ್ಲಿ, ಮೀರಾ ರೋಡಿನಲ್ಲಿ ಒಂದು ಕೆಲಸ ಹಿಡಿದರು. ಭಾನುವಾರ ಒಬ್ಬ ಪ್ಲಂಬರ್‌ನನ್ನು ಕರೆದುಕೊಂಡು ಮನೆಮನೆಯ ಕದ ತಟ್ಟಿ, ತೊಟ್ಟಿಕ್ಕುವ ನಲ್ಲಿಗಳನ್ನು ಬಿಟ್ಟಿಯಾಗಿ ರಿಪೇರಿ ಮಾಡಿಸುವುದು. ಸಾಹಿತ್ಯಕ್ಕೆ ಬಂದ ಬಹುಮಾನದ ಹಣವನ್ನೇ ಇದಕ್ಕೆ ಹಾಕಿದರು. ಇದನ್ನು ಸಂಪಾದಕನಿಗೆ ಹೇಳಿದಾಗ ಅವನು ಎದ್ದು ಹೋಗಿ ನಮ್ಮ ಬಚ್ಚಲಿನ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದ. ಅದು ನಿಲ್ಲಲಿಲ್ಲ, ವಾಷರ್ ಹೋಗಿದೆ.

ಜುಲೈ

ಮಸಿಯ ಕೆಲಸ ಶುರು. ಕ್ರಾಫರ್ಡ್ ಮಾರುಕಟ್ಟೆಯ ಬಳಿಯ ಅಬ್ದುಲ್ ರೆಹಮಾನ್ ಬೀದಿಯಿಂದ ನಿಬ್ಬು, ಇಂಡಿಯನ್ ಇಂಕ್, ದಪ್ಪ ಡ್ರಾಯಿಂಗ್ ಹಾಳೆ ತಂದೆ. ಈ ತೇವದಲ್ಲಿ ಹಾಳೆ ನೀರು ಕುಡಿದು ಮೆತ್ತಗಾಗುತ್ತದೆ, ಗೆರೆಯ ಅಂಚು ಹರಡುತ್ತದೆ. ಅಕ್ಕಿ ಡಬ್ಬದ ಪಕ್ಕ ಒಣ ಕಪಾಟಿನಲ್ಲಿ ಇಟ್ಟು ಬೇಕಾದಷ್ಟೇ ಹೊರತೆಗೆಯುತ್ತಿದ್ದೇನೆ. ನೆರಳಿಗೆ ಬೂದು ಬಣ್ಣ ಬಳಿಯುವುದಿಲ್ಲ, ಜೆರಾಕ್ಸ್‌ನಲ್ಲಿ ಕಲೆಯಂತೆ ಬರುತ್ತದೆ. ಒತ್ತೊತ್ತಾಗಿ ಗೆರೆ ಎಳೆಯುವುದೇ ದಾರಿ. ಮಾತಿನ ಗುಳ್ಳೆಗಳನ್ನು ಇಂಗ್ಲಿಷ್ ಕಾಮಿಕ್ಸ್‌ಗಿಂತ ಎತ್ತರ ಮಾಡಿದ್ದೇನೆ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರಕ್ಕೂ ಕೆಳಗಿನ ಸಾಲಿನ ಗುಡಿಸಿಗೂ ಡಿಕ್ಕಿ.

ಹನ್ನೊಂದರಿಂದ ಹದಿಮೂರನೆಯ ಪುಟದವರೆಗೆ ಪುಸ್ತಕದ ಜೀವ. ಧೋ ಎಂದು ಮಳೆ, ಹಳೆಯ ಕಟ್ಟಡ, ಟೇಕು ಕೊಟ್ಟು ನಿಲ್ಲಿಸಿದ ಮರದ ಮೆಟ್ಟಿಲು. ಟೇಕು ಜಾರುತ್ತದೆ. ಗಣಪ ಕೆಳಗೆ ನುಗ್ಗಿ ಎಡಗೈ ಒಡ್ಡುತ್ತಾನೆ. ಆಮೇಲೆ ಮೂರು ಪುಟ ಅವನು ಏನೂ ಮಾಡುವುದಿಲ್ಲ, ನಿಂತಿರುತ್ತಾನೆ. ಪ್ರತಿ ಚೌಕದಲ್ಲೂ ಅವನು ಅದೇ ಜಾಗದಲ್ಲಿ. ಮೇಲಿಂದ ಜನ ಇಳಿಯುತ್ತಾರೆ, ಸೀಮೆಎಣ್ಣೆ ಸ್ಟೌವು, ಮಗು, ಟ್ರಂಕು, ಕೊನೆಗೆ ಆ ಮುದುಕಿ.

ಗೋವರ್ಧನ ಇದು, ಮುಚ್ಚುಮರೆ ಏನಿಲ್ಲ. ಕಾರ್ಕಳದಿಂದ ಮುಂಬಯಿಗೆ ಬಂದ ಅನಂತ ಪೈಗಳ ಅಮರ ಚಿತ್ರ ಕಥೆಯೂ ಪುರಾಣಕ್ಕೆ ಕೈಹಾಕಿದ್ದು ಕೃಷ್ಣನಿಂದಲೇ. ಆದರೆ ಏಳು ದಿನ ಬೆಟ್ಟ ಎತ್ತಿದ ಕೃಷ್ಣನ ತುಟಿಯಲ್ಲಿ ನಗೆ, ಕಿರುಬೆರಳೊಂದೇ ಸಾಕು. ಗಣಪನಿಗೆ ಹಾಗೆ ನಗಲು ಬಿಟ್ಟರೆ ನನ್ನ ಷರತ್ತು ಬಿದ್ದುಹೋಗುತ್ತದೆ. ಅದಕ್ಕೇ ಕೈಯನ್ನು ಸರಿಯಾಗಿ ಕಲಿಯಬೇಕಿತ್ತು. ನಾನು ಹೋಗುವ ಹೋಟೆಲಿನ ಮಾಣಿಯೊಬ್ಬರು ಬಿಡುವಿನಲ್ಲಿ ತೋರಿಸಿಕೊಟ್ಟರು: ಮೊದಲ ತಟ್ಟೆ ಹೆಬ್ಬೆರಳು ತೋರುಬೆರಳುಗಳ ನಡುವೆ, ಎರಡನೆಯದು ಅದರಡಿಯಲ್ಲಿ ಉಳಿದ ಬೆರಳುಗಳ ಮೇಲೆ, ಮೂರನೆಯದು ಮುಂಗೈಗೆ. "ತಟ್ಟೆ ನೋಡಬಾರದು, ದಾರಿ ನೋಡಬೇಕು" ಎಂದರು. ಆದ್ದರಿಂದ ಗಣಪನ ಕಣ್ಣು ಮೆಟ್ಟಿಲಿನ ಕಡೆಗಿಲ್ಲ, ಇಳಿದುಬರುವವರ ಕಾಲುಗಳ ಮೇಲಿದೆ. ಮೊದಲ ಚೌಕದಲ್ಲಿ ಬೆರಳು ಅಗಲವಾಗಿ ಹರಡಿವೆ. ಹದಿಮೂರನೆಯ ಪುಟದ ಹೊತ್ತಿಗೆ ಕಿರುಬೆರಳು ಒಳಕ್ಕೆ ಮಡಚಿದೆ, ಮೊಣಕೈ ಪಕ್ಕೆಗೆ ಅಂಟಿದೆ, ಬಲಗೈ ಎಡ ಮಣಿಕಟ್ಟನ್ನು ಹಿಡಿದಿದೆ. ಮುಖಕ್ಕಿಂತ ಕೈಗೇ ಹೆಚ್ಚು ಮಸಿ ಖರ್ಚಾಗಿದೆ.

ಈಗ

ಹದಿನಾಲ್ಕು ಪುಟ ಮಸಿ ಕಂಡಿವೆ. ಹದಿನೈದನೆಯದಕ್ಕೆ ಜಗಳ ನಡೆಯುತ್ತಿದೆ. ನನ್ನ ಪ್ರಕಾರ ಗಣಪ ಒದ್ದೆಯಾಗಿ ಹೋಟೆಲಿಗೆ ಮರಳುತ್ತಾನೆ, ಗಲ್ಲಾದಲ್ಲಿ ಕೂತ ಧಣಿ ಗಡಿಯಾರ ತೋರಿಸಿ ಅರ್ಧ ದಿನದ ಸಂಬಳ ಕಡಿತ ಎನ್ನುತ್ತಾರೆ. ಸಂಪಾದಕನಿಗೆ ಇದು ಮಹಾ ಅನ್ಯಾಯ; ಮರುದಿನದ ಪತ್ರಿಕೆಯಲ್ಲಿ ಫೋಟೊ ಬರಲೇಬೇಕಂತೆ, ಧಣಿ ಅದನ್ನು ನೋಡಿ ಕೈಮುಗಿಯಬೇಕಂತೆ. ಎರಡನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಬರುವ ಶನಿವಾರ ತರಗತಿಯಲ್ಲಿ ಓದಿಸಿ ಕೈಯೆತ್ತಿಸುತ್ತೇವೆ. ಸೋತವರು ಮುಖಪುಟಕ್ಕೆ ಗೆರೆ ತುಂಬಬೇಕು ಎಂದು ಒಪ್ಪಂದವಾಗಿದೆ.