ಬೆರಳು ನೀಲಿಯಾದ ರಾತ್ರಿ

ಹೋದ ವಾರ ನಮ್ಮ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡುವ ಹುಡುಗ ಲಗ್ನಪತ್ರಿಕೆ ಕತ್ತರಿಸುತ್ತಾ ಸುಮ್ನೆ ಕೇಳಿದ. "ಅಣ್ಣಾ, ಸ್ಟಾಂಪ್ ತೊಗೊಂಡ್ರ ಗ್ವಾಡಿ ಮ್ಯಾಲೆ ಬಣ್ಣ ಹರದಾಡ್ತಾವಂತ, ಖರೇನ?"

ಸ್ಟಾಂಪ್ ಅಂದರೆ ಎಲ್‌ಎಸ್‌ಡಿ ಅನ್ನುವ, ಇಲ್ಲದ್ದನ್ನು ಕಾಣಿಸುವ ಅಮಲು ಪದಾರ್ಥ ಹಚ್ಚಿದ ಕಾಗದದ ಚೂರು. ಯಾರ ಫೋನಿನಲ್ಲಿ ಏನು ನೋಡಿದ್ದನೋ. ನನ್ನ ಬಾಯಿಂದ ತಟ್ಟನೆ ಬಂದದ್ದು, "ಮೊದಲ ಕೈ ತಣ್ಣಗಾಗ್ತಾವ." ಅವನು ಕತ್ತರಿ ಹಿಡಿದುಕೊಂಡೇ ನನ್ನ ಮುಖ ನೋಡಿದ. ಅಷ್ಟರಲ್ಲಿ ಗಿರಾಕಿ ಬಂದರು, ಮಾತು ಅಲ್ಲೇ ನಿಂತಿತು. ಅವನಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2016ರ ಜುಲೈ. ಬಿಆರ್‌ಟಿಎಸ್ ಬಸ್ ದಾರಿಯ ಕೆಲಸಕ್ಕೆ ಹುಬ್ಬಳ್ಳಿ-ಧಾರವಾಡ ರಸ್ತೆಯನ್ನೆಲ್ಲ ಅಗೆದು ಹಾಕಿದ್ದ ಮಳೆಗಾಲ. ನಾನು ಇಂಜಿನಿಯರಿಂಗ್ ಎರಡು ವಿಷಯ ಬಾಕಿ ಇಟ್ಟುಕೊಂಡು ವಿದ್ಯಾನಗರದ ರೂಮಿನಲ್ಲಿದ್ದೆ. ಹಗಲು ಒಂದು ಪ್ರೆಸ್ಸಿನಲ್ಲಿ ಡಿಸೈನ್ ಕೆಲಸ, ರಾತ್ರಿ ಓದುವ ನಾಟಕ. ರೂಮಿನಲ್ಲಿ ಮೂವರು. ಒಬ್ಬ ಗೋವಾಕ್ಕೆ ಹೋಗಿ ಬಂದವನು ಪಾಕೀಟಿನಿಂದ ಬೆಳ್ಳಿ ಹಾಳೆ ತೆಗೆದು ಬಿಚ್ಚಿದ. ಒಳಗೆ ಕಿರುಬೆರಳಿನ ಉಗುರಿನಷ್ಟು ಎರಡು ಕಾಗದದ ಚೌಕ. "ಆಸಿಡ್" ಅಂದ, ಎಲ್‌ಎಸ್‌ಡಿಗೆ ಇರುವ ಅಡ್ಡಹೆಸರು. ನಾನು ಮೊದಲು ನೋಡಿದ್ದು ಅದರ ಪ್ರಿಂಟು. ಯಾವುದೋ ದೊಡ್ಡ ಚಿತ್ರದ ತುಂಡು, ಒಂದು ಕಣ್ಣಿನ ಮೂಲೆ ಇದ್ದ ಹಾಗಿತ್ತು. ತೂತಿನ ಗೆರೆ ಅಚ್ಚುಕಟ್ಟು, ಬಣ್ಣ ಮಾತ್ರ ಒಂದರ ಮೇಲೊಂದು ಕೂತಿರಲಿಲ್ಲ. ನಮ್ಮ ಪ್ರೆಸ್ಸಿನಲ್ಲಾದರೆ ಮಾಲೀಕರು ಬೈದು ವಾಪಸ್ ಕೊಡುತ್ತಿದ್ದರು. ಮೂರನೆಯವನು, ಅವನ ಪುಣ್ಯ ದೊಡ್ಡದು, "ನಂಗ ಬ್ಯಾಡಪಾ, ನಾಳೆ ಊರಿಗೆ ಹೋಗಬೇಕು" ಅಂದ. ಅವನೊಬ್ಬ ನೆಟ್ಟಗಿದ್ದದ್ದರಿಂದಲೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ನಾಲಿಗೆ ಮೇಲೆ ಇಟ್ಟ ಕೂಡಲೇ ಕಹಿ. ಬೇವಿನ ಕಹಿಯಲ್ಲ, ಮಾತ್ರೆ ಬಾಯಲ್ಲೇ ಒಡೆದಾಗ ಆಗುವ ಔಷಧದ ಕಹಿ. ಐದು ನಿಮಿಷಕ್ಕೆ ನಾಲಿಗೆ ತುದಿ ಜೋಮು ಹಿಡಿಯಿತು, ಹಲ್ಲಿನ ಡಾಕ್ಟರು ಸೂಜಿ ಹಾಕಿದ ಹಾಗೆ. "ಕಹಿ ಐತಲೇ" ಅಂದೆ. "ಇರ್ತದ, ಚಲೋ ಮಾಲು" ಅಂದ ಗೆಳೆಯ. ಅವನಿಗೂ ಏನೂ ಗೊತ್ತಿರಲಿಲ್ಲ ಅನ್ನೋದು ಆಮೇಲೆ ತಿಳಿಯಿತು. ನಿಜವಾದ ಎಲ್‌ಎಸ್‌ಡಿಗೆ ಹೆಚ್ಚುಕಡಿಮೆ ರುಚಿಯೇ ಇರುವುದಿಲ್ಲ.

ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಆಕಳಿಕೆ, ಒಂದರ ಹಿಂದೆ ಒಂದು, ನಿದ್ದೆಯ ಸುಳಿವೇ ಇಲ್ಲದೆ. ಹೊಟ್ಟೆಯಲ್ಲಿ ತೊಳಸಿದ ಹಾಗೆ. ತೋಳಿನ ಮೇಲೆ ರೋಮ ಎದ್ದು ನಿಂತವು. ದವಡೆ ತಾನಾಗಿಯೇ ಬಿಗಿಯತೊಡಗಿತು. ಬಚ್ಚಲಿನ ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣಿನ ಪಾಪೆ ನೇರಳೆ ಹಣ್ಣಿನ ಹಾಗೆ ಕಪ್ಪಗೆ ಹಿಗ್ಗಿ, ಸುತ್ತಲಿನ ಕಂದು ಬಣ್ಣ ಒಂದು ಎಳೆಯಷ್ಟೇ ಉಳಿದಿತ್ತು.

ಆಮೇಲೆ ಶುರುವಾದದ್ದು ನೆಲದಿಂದ. ನಮ್ಮ ರೂಮಿಗೆ ಹಳೆಯ ಶಹಾಬಾದ್ ಫರಸಿ. ಆ ಕಲ್ಲಿನ ಬೂದು ನೀಲಿಯಲ್ಲಿ ಮೋಡದಂಥ ಮಚ್ಚೆ ಇರುತ್ತವಲ್ಲ, ಅವು ನಿಧಾನಕ್ಕೆ ಹರಿಯತೊಡಗಿದವು. ಕೆರೆಯ ನೀರು ಗಾಳಿಗೆ ಸರಿದ ಹಾಗೆ. ಕಲ್ಲು ಮಾತ್ರ ಅಲ್ಲೇ ಇತ್ತು. ಕಾಲಿಟ್ಟರೆ ಗಟ್ಟಿ, ಕಣ್ಣಿಗೆ ನೀರು. ಗೋಡೆಯ ಸುಣ್ಣದ ಉಬ್ಬು ತಗ್ಗುಗಳು ಉಸಿರಾಡಿದವು. ಕ್ಯಾಲೆಂಡರಿನಲ್ಲಿ ಭಾನುವಾರದ ಕೆಂಪು ಅಂಕಿಗಳು ಕಾಗದ ಬಿಟ್ಟು ಒಂದು ಬೆರಳಿನಷ್ಟು ಮೇಲೆದ್ದು ನಿಂತವು. ಕಪ್ಪು ಅಂಕಿಗಳು ಅಲ್ಲೇ ಕೆಳಗಿದ್ದವು.

ಪ್ರಿಂಟಿಂಗ್ ಕೆಲಸದವರಿಗೆ ಹೇಳಿದರೆ ಬೇಗ ತಿಳಿಯುತ್ತದೆ. ಆಫ್‌ಸೆಟ್‌ನಲ್ಲಿ ನಾಲ್ಕು ಪ್ಲೇಟು ಇರುತ್ತವೆ: ಸಯಾನ್, ಮಜೆಂಟಾ, ಹಳದಿ, ಕಪ್ಪು. ನಾಲ್ಕೂ ಒಂದೇ ಜಾಗದಲ್ಲಿ ಕೂತರೆ ಚಿತ್ರ. ಒಂದು ಕೂದಲಿನಷ್ಟು ಸರಿದರೂ ಅಂಚಿಗೆ ಬಣ್ಣದ ನೆರಳು ಬರುತ್ತದೆ. ಅದಕ್ಕೆ ನಾವು ರಿಜಿಸ್ಟ್ರೇಷನ್ ಔಟ್ ಅನ್ನುತ್ತೇವೆ. ಆ ರಾತ್ರಿ ಇಡೀ ರೂಮು ರಿಜಿಸ್ಟ್ರೇಷನ್ ಔಟ್. ಬಾಗಿಲ ಚೌಕಟ್ಟಿಗೆ ಒಂದು ಕಡೆ ಗುಲಾಬಿ ಅಂಚು, ಇನ್ನೊಂದು ಕಡೆ ತಿಳಿ ನೀಲಿ. ಕೈ ಆಡಿಸಿದರೆ ಹಿಂದೆ ಹಿಂದೆ ಏಳೆಂಟು ಕೈ ಉಳಿದು ಒಂದೊಂದಾಗಿ ಆರುತ್ತಿದ್ದವು. ಎಂಟು ಕೈಯ ಬನಶಂಕರಿ ಆಗಿಬಿಟ್ಟೆ ಅಂತ ನಗು ಬಂತು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆ ಒಂದು ಗಂಟೆ ಚೆನ್ನಾಗಿಯೇ ಇತ್ತು.

ಕಣ್ಣು ಮುಚ್ಚಿದರೆ ಬೇರೆಯದೇ ಆಟ. ಕತ್ತಲಲ್ಲಿ ಗೆರೆಗಳು. ಜೇಡರ ಬಲೆ, ಜೇನುಗೂಡಿನ ಮನೆಗಳು, ಒಳಗೆ ಒಳಗೆ ಹೋಗುವ ಸುರಂಗ. ಅವು ಹತ್ತಿರ ಬಂದಾಗ ಗುರುತು ಸಿಕ್ಕಿತು. ಕಸೂತಿ! ಅಮ್ಮನ ಕಪ್ಪು ಚಂದ್ರಕಾಳಿ ಸೀರೆಯ ಮೇಲಿದ್ದ ಗೋಪುರ, ತೇರು, ತುಳಸಿಕಟ್ಟೆ. ಅಮ್ಮ ಎಳೆ ಎಣಿಸಿ ಹಾಕುವ ಮುರಗಿ ಹೊಲಿಗೆಯ ಮೆಟ್ಟಿಲು ಮೆಟ್ಟಿಲು ಗೆರೆ, ಗವಂತಿಯ ನೇರ ಗೆರೆ, ಮೆಂಥೆಯ ಕತ್ತರಿ ಗುರುತು. ಒಂದು ಗೋಪುರ ಬಿಚ್ಚಿ ನಾಲ್ಕಾಗಿ, ನಾಲ್ಕು ಹದಿನಾರಾಗಿ ಕಣ್ಣು ತುಂಬುತ್ತಿತ್ತು.

ಇದು ದೇವರು ತೋರಿಸಿದ್ದು ಅಂತ ಆಗ ಅನಿಸಿತ್ತು. ಆಮೇಲೆ ಓದಿದೆ. ಹೈನ್ರಿಷ್ ಕ್ಲೂವರ್ ಅಂತ ಒಬ್ಬ ಮನಃಶಾಸ್ತ್ರಜ್ಞ 1920ರ ದಶಕದಲ್ಲೇ ಮೆಸ್ಕಲಿನ್ ಅನ್ನುವ ಇಂಥದೇ ಅಮಲು ಪದಾರ್ಥ ತೆಗೆದುಕೊಂಡವರು ಕಂಡದ್ದನ್ನು ವಿಂಗಡಿಸಿದ್ದ. ಬಲೆ, ಜಾಲರಿ, ಸುರಂಗ, ಸುರುಳಿ. ಯಾರು ನೋಡಿದರೂ ಸುತ್ತಿ ಬಳಸಿ ಈ ನಾಲ್ಕೇ. 1979ರಲ್ಲಿ ಎರ್ಮೆಂಟ್ರೌಟ್ ಮತ್ತು ಕೋವನ್ ಅನ್ನುವ ಇಬ್ಬರು ಇದಕ್ಕೆ ಗಣಿತ ಬರೆದರು. ಮೆದುಳಿನ ಹಿಂಭಾಗದಲ್ಲಿ ನೋಟದ ಜಾಗ ಇದೆ. ಅಲ್ಲಿನ ನರಕೋಶಗಳು ಹದ ತಪ್ಪಿ ತಾವಾಗಿಯೇ ಪಟ್ಟೆ ಪಟ್ಟೆಯಾಗಿ ಕೆರಳಿದರೆ, ಆ ನೇರ ಪಟ್ಟೆಗಳೇ ನಮಗೆ ಸುರಂಗ, ಸುರುಳಿಯಾಗಿ ಕಾಣುತ್ತವೆ ಅಂತ. ಅಂದರೆ ನಾನು ನೋಡಿದ್ದು ನನ್ನ ತಲೆಯೊಳಗಿನ ವೈರಿಂಗು. ಅದಕ್ಕೆ ಸೀರೆ ಉಡಿಸಿದ್ದು ಮಾತ್ರ ಅಮ್ಮನ ನೆನಪು.

ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಆ ಸೀಟಿ ಮುಗಿಯಲೇ ಇಲ್ಲ. ಫೋನ್ ನೋಡಿದೆ, 9 ಗಂಟೆ 10 ನಿಮಿಷ. ಅರ್ಧ ರಾತ್ರಿ ಕಳೆದ ಮೇಲೆ ಮತ್ತೆ ನೋಡಿದೆ, 9 ಗಂಟೆ 12 ನಿಮಿಷ.

ಕೈ ನೋಡಿಕೊಂಡದ್ದು ಆಗ. ತಣ್ಣಗಿವೆ ಅಂತ ಮೊದಲೇ ಗೊತ್ತಿತ್ತು, ಮಳೆಗಾಲ ಅಲ್ವಾ ಅಂತ ಬಿಟ್ಟಿದ್ದೆ. ಬೆರಳ ತುದಿ ಬಿಳಿಚಿ, ಉಗುರಿನ ಬುಡ ನೀಲಿಯಾಗಿತ್ತು. ಇದೂ ಬಣ್ಣದ ಆಟವೇ ಇರಬೇಕು ಅಂದುಕೊಂಡು ಮೂರನೆಯವನಿಗೆ ತೋರಿಸಿದೆ. ಅವನು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದ. "ಏ, ಖರೇನ ನೀಲಿ ಆಗ್ಯಾವಲೇ." ಅಷ್ಟು ಹೊತ್ತು ಕಂಡದ್ದರಲ್ಲಿ ನಿಜ ಇದ್ದದ್ದು ಅದೊಂದೇ. ತೊಡೆ ಹಿಂಡಿದ ಹಾಗೆ ನೋವು. ಎದೆ ಬಡಿತ ಕಿವಿಯಲ್ಲೇ ಕೇಳುತ್ತಿತ್ತು. ಗೋಡೆ ಇನ್ನೂ ಉಸಿರಾಡುತ್ತಲೇ ಇತ್ತು, ನನಗೆ ಉಸಿರು ಹಿಡಿಯುತ್ತಿತ್ತು. ಗೋವಾದವನು ಬಚ್ಚಲಲ್ಲಿ ವಾಂತಿ ಮಾಡಿಕೊಂಡು ಅಲ್ಲೇ ಕೂತಿದ್ದ.

ಮೂರನೆಯವನು ಇಬ್ಬರನ್ನೂ ಆಟೋಗೆ ಹಾಕಿದ. ಅಗೆದ ರಸ್ತೆಯ ಕೆಸರು, ಎದುರಿನ ಲಾರಿಗಳ ಹೆಡ್‌ಲೈಟು. ಪ್ರತಿ ಲೈಟೂ ಮುಳ್ಳುಹಂದಿಯ ಹಾಗೆ ಮುಳ್ಳು ಕೆದರಿ ಬರುತ್ತಿತ್ತು. ಗುಂಡಿಗೆ ಬಿದ್ದಾಗೆಲ್ಲ ಸತ್ತೆ ಅಂದುಕೊಂಡೆ.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ನಮಗಿಂತ ಹೆಚ್ಚೆಂದರೆ ನಾಲ್ಕು ವರ್ಷ ದೊಡ್ಡವರಿರಬಹುದಾದ ಡಾಕ್ಟರಮ್ಮ. ಏನು ತೊಗೊಂಡ್ರಿ ಅಂದರು. ಪೊಲೀಸ್ ಭಯ. "ಗೋಬಿ ಮಂಚೂರಿ ತಿಂದೀವ್ರಿ" ಅಂದೆ. ಅವರು ಕಣ್ಣಿಗೆ ಟಾರ್ಚ್ ಬಿಟ್ಟರು. ಪಾಪೆ ಕಿರಿದಾಗಲಿಲ್ಲ. "ಗೋಬಿ ತಿಂದ್ರ ಕಣ್ಣು ಹಿಂಗಾಗಂಗಿಲ್ಲ" ಅಂದರು. ಜೋರು ಮಾಡಲಿಲ್ಲ. ನಾಡಿ 140, ರಕ್ತದೊತ್ತಡ 170ರ ಮೇಲೆ 110. ಮೂರನೆಯವನು ಕಹಿಯಿಂದ ಹಿಡಿದು ಎಲ್ಲಾ ಬಾಯಿಬಿಟ್ಟ. ಕಹಿ ಅಂದ ಕೂಡಲೇ ಆಕೆ ತಲೆ ಎತ್ತಿದರು. ಅದು ನನಗೆ ನೆನಪಿದೆ.

ಇದಕ್ಕೆ ಮಾರುಮದ್ದು ಅಂತ ಇಲ್ಲ. ಸಲೈನ್ ಹಚ್ಚಿದರು, ತಳಮಳ ಇಳಿಸುವ ಲೋರಾಜೆಪಾಮ್ ಇಂಜೆಕ್ಷನ್ ಕೊಟ್ಟರು, ಲೈಟ್ ಆರಿಸಿದ ಮೂಲೆಯ ಮಂಚಕ್ಕೆ ಹಾಕಿದರು. ಪ್ರತಿ ಅರ್ಧ ಗಂಟೆಗೊಮ್ಮೆ ಬಂದು ನನ್ನ ತೋರುಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ಬಿಡುತ್ತಿದ್ದರು. ಉಗುರು ಬೆಳ್ಳಗಾಗಿ, ಮತ್ತೆ ಕೆಂಪು ತುಂಬಲು ಎಷ್ಟು ಹೊತ್ತು ಬೇಕು ಅಂತ ಎಣಿಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ಅವರು ಹೋದ ಮೇಲೆ ನಾನೂ ಒತ್ತಿ ಒತ್ತಿ ಎಣಿಸಿದೆ. ಬೆಳಗಿನ ಜಾವ ಎರಡು ಎಣಿಸುವುದರೊಳಗೆ ಕೆಂಪು ಬಂತು. ಆ ಕೆಂಪಿಗಿಂತ ಒಳ್ಳೆಯ ಬಣ್ಣ ಆ ರಾತ್ರಿ ನಾನು ನೋಡಲಿಲ್ಲ.

ಎಲ್‌ಎಸ್‌ಡಿ ಕಂಡುಹಿಡಿದ ಆಲ್ಬರ್ಟ್ ಹಾಫ್‌ಮನ್ ಕಥೆ ಬಹಳ ಜನಕ್ಕೆ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಜ್ ಕಂಪನಿಯ ರಸಾಯನಶಾಸ್ತ್ರಜ್ಞ. 1938ರಲ್ಲಿ ತಯಾರಿಸಿ ಮೂಲೆಗಿಟ್ಟಿದ್ದನ್ನು 1943ರ ಏಪ್ರಿಲ್ 19ರಂದು ತಾನೇ ತಿಂದು, ಸೈಕಲ್ ಹತ್ತಿ ಮನೆಗೆ ಹೋದ. ಪಕ್ಕದ ಮನೆಯಾಕೆ ಹಾಲು ತಂದುಕೊಟ್ಟರೆ ಅವಳು ಬಣ್ಣದ ಮುಖವಾಡದ ಮಾಟಗಾತಿಯಾಗಿ ಕಂಡಳಂತೆ. ಜನ ಅಲ್ಲಿಗೆ ಕಥೆ ನಿಲ್ಲಿಸುತ್ತಾರೆ. ನನಗೆ ಬೇಕಾದದ್ದು ಮುಂದಿನ ಸಾಲು. ಡಾಕ್ಟರು ಬಂದು ನೋಡಿದಾಗ ನಾಡಿ, ರಕ್ತದೊತ್ತಡ, ಉಸಿರಾಟ ಎಲ್ಲಾ ಸರಿ, ಕಣ್ಣಿನ ಪಾಪೆ ಮಾತ್ರ ಹಿಗ್ಗಿತ್ತು. ಅವನು ಸಾಯುತ್ತೇನೆ ಅಂದುಕೊಂಡಿದ್ದು ಮನಸ್ಸಿನಲ್ಲಿ. ನನ್ನದು ಉಗುರಿನಲ್ಲಿ ಇತ್ತು.

ಹಾಫ್‌ಮನ್ ಹೊರಟದ್ದು ಎರ್ಗಾಟ್ ಅನ್ನುವ ಶಿಲೀಂಧ್ರದಿಂದ. ಹೂಬಿಡುವಾಗ ಮಳೆ ಹಿಡಿದರೆ ನಮ್ಮ ಜೋಳದ ತೆನೆಯಲ್ಲೂ ಅದರ ದಾಯಾದಿ ಕೂತು, ಜೇನಿನಂಥ ಅಂಟು ಸುರಿಯುತ್ತದೆ. ನವಲಗುಂದದ ನಮ್ಮ ಮಾವನಿಗೆ ಇದನ್ನು ಹೇಳಿದರೆ, "ಹಂಗಾರ ನಾ ಎಷ್ಟ್ ವರ್ಷದಿಂದ ಆಸಿಡ್ ಬೆಳ್ಯಾಕತ್ತೇನಿ?" ಅಂತ ನಕ್ಕಾನು. ಅಂಟಿನಲ್ಲಿ ಎಲ್‌ಎಸ್‌ಡಿ ಇರುವುದಿಲ್ಲ ಬಿಡಿ. ಅದನ್ನು ಲ್ಯಾಬಿನಲ್ಲಿ ಮಾಡಬೇಕು.

ನಾವು ತಿಂದ ಕಾಗದವನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಆದರೆ ಕಹಿ, ಜೋಮು ಹಿಡಿದ ನಾಲಿಗೆ, ನೀಲಿ ಬೆರಳು, ಏರಿದ ರಕ್ತದೊತ್ತಡ, ಇವೆಲ್ಲ ಸೇರಿಸಿ ಡಾಕ್ಟರಮ್ಮ ಬೆಳಿಗ್ಗೆ ಒಂದು ಹೆಸರು ಹೇಳಿದರು. ಎನ್‌ಬೋಮ್. 2003ರಲ್ಲಿ ಬರ್ಲಿನ್ನಿನಲ್ಲಿ ರಾಲ್ಫ್ ಹೈಮ್ ಅನ್ನುವವರು ಪಿಎಚ್‌ಡಿಗಾಗಿ ಮಾಡಿದ ರಾಸಾಯನಿಕಗಳ ಗುಂಪು. ಮೆದುಳಿನಲ್ಲಿ ಸೆರೊಟೊನಿನ್ ಅನ್ನುವ ಮೈಯದೇ ರಾಸಾಯನಿಕ ಕೂರುವ ಒಂದು ಬಗೆಯ ಜಾಗ ಇದೆ, 5-ಎಚ್‌ಟಿ2ಎ ಅಂತ. ಅದನ್ನು ಅಭ್ಯಾಸ ಮಾಡಲು ಬೇಕಾದ ಉಪಕರಣ ಅದು, ಜನ ತಿನ್ನಲಿ ಅಂತ ಮಾಡಿದ್ದಲ್ಲ. ಬಣ್ಣ ಕಾಣಿಸುವುದು ಆ ಜಾಗವೇ. ಆದರೆ ಅದೇ ಜಾಗ ರಕ್ತನಾಳದ ಗೋಡೆಯಲ್ಲೂ ಇದೆ, ಅಲ್ಲಿ ಕೂತರೆ ನಾಳ ಬಿಗಿಯುತ್ತದೆ. ಅಷ್ಟೇ ಸಣ್ಣ ಕಾಗದದಲ್ಲಿ ಹಿಡಿಸುವಷ್ಟು ತೀಕ್ಷ್ಣವಾದ್ದರಿಂದ ಮಾರುವವರು ಅದನ್ನು ಎಲ್‌ಎಸ್‌ಡಿ ಅಂತಲೇ ದಾಟಿಸುತ್ತಿದ್ದರು. ಫಿಟ್ಸ್ ಬಂದವರಿದ್ದಾರೆ, ಸತ್ತವರೂ ಇದ್ದಾರೆ. ಅಮೆರಿಕ 2013ರಲ್ಲಿ ತುರ್ತಾಗಿ ನಿಷೇಧಿಸಿತು, 2015ರಲ್ಲಿ ವಿಶ್ವಸಂಸ್ಥೆ ನಿಯಂತ್ರಿತ ಮಾದಕಗಳ ಪಟ್ಟಿಗೆ ಸೇರಿಸಿತು. ನಾವು ತಿಂದದ್ದು 2016ರಲ್ಲಿ, ನೋಡಿ.

ಮರುದಿನ ದವಡೆ ನೋವಿಗೆ ರೊಟ್ಟಿ ಅಗಿಯಲು ಆಗಲಿಲ್ಲ. ಎರಡು ದಿನಕ್ಕೆ ಎಲ್ಲಾ ಸರಿಹೋಯಿತು ಅಂದುಕೊಂಡೆ. ಮೂರನೇ ವಾರ ಪ್ರೆಸ್ಸಿನಲ್ಲಿ ಬಿಳಿ ಆರ್ಟ್ ಕಾರ್ಡ್ ಮೇಲೆ ಪ್ರೂಫ್ ನೋಡುತ್ತಿದ್ದೆ. ಕಾರ್ಡ್ ತುಂಬ ಸಣ್ಣ ಚುಕ್ಕಿ ಕುದಿಯುತ್ತಿದ್ದವು. ಹಳೆಯ ಟಿವಿಯಲ್ಲಿ ಚಾನೆಲ್ ಹೋದಾಗ ಬರುತ್ತಿತ್ತಲ್ಲ, ಹಾಗೆ. ಪ್ರಿಂಟಿನ ಚುಕ್ಕಿ ಅಂತ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಇಟ್ಟು ನೋಡಿದೆ. ಕಾರ್ಡ್ ಖಾಲಿ. ಕರ್ಸರ್ ಸರಿಸಿದರೆ ಹಿಂದೆ ಬಾಲ. ಗಣಪತಿಯ ಚಿತ್ರ ನೋಡಿ ಕಣ್ಣು ತೆಗೆದರೆ ಗೋಡೆಯ ಮೇಲೆ ಹಸಿರು ಗಣಪತಿ, ನಿಮಿಷಗಟ್ಟಲೆ.

ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಅಂದರು. ಕೊನೆಗೆ ಮನೋವೈದ್ಯರನ್ನು ಹುಡುಕಿಕೊಂಡು ಧಾರವಾಡಕ್ಕೆ ಹೋದೆ. ನಮ್ಮ ಕಡೆ ಸಿಟ್ಟು ಬಂದರೆ "ನಿನ್ನ ಧಾರವಾಡಕ್ಕ ಹಾಕಬೇಕು" ಅನ್ನುತ್ತಾರೆ, ಹುಚ್ಚಾಸ್ಪತ್ರೆ ಅಲ್ಲಿ ಇದೆ ಅಂತ. ಬಸ್ಸಿನಲ್ಲಿ ಕೂತಾಗ ಅದೇ ನೆನಪಾಗಿ ನಗುವೂ ಬಂತು, ಕಣ್ಣೀರೂ ಬಂತು. ಅವರು ಐದು ನಿಮಿಷ ಕೇಳಿ ಇದಕ್ಕೆ ಎಚ್‌ಪಿಪಿಡಿ ಅಂತ ಹೆಸರಿದೆ ಅಂದರು. ಔಷಧ ಮೈಯಿಂದ ಹೋದರೂ ನೋಟದ ಗಲಾಟೆ ಕೆಲವರಲ್ಲಿ ಉಳಿದುಬಿಡುತ್ತದೆ. ಗಾಂಜಾ ಮುಟ್ಟಬೇಡ, ನಿದ್ದೆ ಕೆಡಬೇಡ, ಚುಕ್ಕಿ ಇವೆಯಾ ಅಂತ ದಿನಾ ಹುಡುಕಬೇಡ. ಮೂರನೆಯದೇ ಕಷ್ಟ, ನನ್ನ ಕೆಲಸವೇ ಚುಕ್ಕಿ ಹುಡುಕುವುದು.

ಒಂದೂವರೆ ವರ್ಷಕ್ಕೆ ಬಹಳ ಮಟ್ಟಿಗೆ ಇಳಿಯಿತು. ಬಾಲ ಹೋಯಿತು. ಲಗ್ನದ ಸೀಸನ್ನಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟರೆ ಚುಕ್ಕಿ ಮಾತ್ರ ಮತ್ತೆ ಬರುತ್ತವೆ, ಟ್ಯೂಬ್‌ಲೈಟ್ ಕೆಳಗೆ, ಬಿಳಿ ಕಾರ್ಡಿನ ಮೇಲೆ. ಅದಕ್ಕೇ ನನ್ನ ಅಂಗಡಿ ಹಾಕಿದಾಗ ಪ್ರೂಫ್ ನೋಡುವ ಟೇಬಲ್ಲನ್ನು ಬಾಗಿಲಿಗೆ ಹತ್ತಿಸಿಟ್ಟೆ. ಗಿರಾಕಿಗಳು "ಇವ್ರು ಬಿಸಿಲಿಗೇ ಹಿಡದು ಬಣ್ಣ ನೋಡ್ತಾರ, ಭಾಳ ಕಟ್ಟುನಿಟ್ಟು" ಅಂತ ಹೊಗಳುತ್ತಾರೆ. ಬಿಸಿಲಿನಲ್ಲಿ ಬಣ್ಣ ಸರಿ ಕಾಣುವುದೂ ಸುಳ್ಳೇನಲ್ಲ. ನಾನು ಸುಮ್ಮನಿರುತ್ತೇನೆ.