ಒಂದು ಹೆಸರಿನ 14 ತುಣುಕುಗಳು

ನನ್ನ ಮೇಜಿನ ಖಾನೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇರುತ್ತಿತ್ತು. ಸಭೆಯಲ್ಲಿ ನನಗೆ ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ, ಗೊತ್ತಿರುವವನಂತೆ ತಲೆಯಾಡಿಸಿ ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತವರಿಗೆ ಓದಲು ಬರುವುದಿಲ್ಲ ಎಂಬ ಧೈರ್ಯ. ರಾತ್ರಿ ಊಟವಾದ ಮೇಲೆ ಒಂದೊಂದನ್ನೇ ಹುಡುಕಿ ಓದುತ್ತಿದ್ದೆ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೊದಲ ವಾರ ಶುರುವಾದ ಈ ಅಭ್ಯಾಸ ಏಳು ವರ್ಷ ನಡೆಯಿತು.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಬೆಂಗಳೂರಿನ ಕಚೇರಿಯಲ್ಲಿ ನನಗಿಂತ ಐದು ವರ್ಷ ಚಿಕ್ಕವರು ಬಿಳಿ ಹಲಗೆಯ ಮೇಲೆ ಸರಾಗವಾಗಿ ಗೆರೆ ಎಳೆಯುತ್ತಾ ಮಾತನಾಡುವಾಗ, ನನ್ನನ್ನು ಇಲ್ಲಿಗೆ ತಪ್ಪಿ ಸೇರಿಸಿಕೊಂಡಿದ್ದಾರೆ, ಇಂದಲ್ಲ ನಾಳೆ ಯಾರಾದರೂ ಕಂಡುಹಿಡಿಯುತ್ತಾರೆ ಎನ್ನಿಸುತ್ತಿತ್ತು. ನಾನು ಬರೆದ ಕೋಡ್ ಪರಿಶೀಲನೆಗೆ ಹೋದ ದಿನ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈ ಭಾವಕ್ಕೊಂದು ಹೆಸರಿದೆ ಎಂದು ತಡವಾಗಿ ತಿಳಿಯಿತು. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು, ಸಾಧನೆ ಮಾಡಿಯೂ ತಮ್ಮನ್ನು ವಂಚಕಿಯರೆಂದು ಭಾವಿಸುವ ಮಹಿಳೆಯರ ಕುರಿತು ಬರೆದ ಲೇಖನದಲ್ಲಿ ಇದನ್ನು ‘ಇಂಪೋಸ್ಟರ್ ಫಿನಾಮಿನನ್’ ಎಂದು ಕರೆದಿದ್ದರು. ಓದಿ ಎರಡು ದಿನ ಹಗುರಾಗಿದ್ದೆ. ಆಮೇಲೆ ಅನುಮಾನ ಬಂತು. ಅವರು ಹೇಳಿದ್ದು ಸಾಮರ್ಥ್ಯವಿದ್ದೂ ನಂಬದವರ ಮಾತು. ನನಗೋ ನಿಜವಾಗಿಯೂ ಬಹಳಷ್ಟು ಗೊತ್ತಿರಲಿಲ್ಲ. ನೋಟ್‌ಬುಕ್ಕೇ ಸಾಕ್ಷಿ.

ಆಗ ನಾವು ಒಂದು ಆಸ್ಪತ್ರೆಗಾಗಿ, ತಪಾಸಣೆಗೆ ಬರಬೇಕಾದವರಿಗೆ ಹಿಂದಿನ ದಿನ ನೆನಪಿಸುವ ಎಸ್ಎಂಎಸ್ ವ್ಯವಸ್ಥೆ ಮಾಡುತ್ತಿದ್ದೆವು. ಇಂಗ್ಲಿಷ್ ಸಂದೇಶವಾದರೆ ಒಂದು ಎಸ್ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತದೆ. ಕನ್ನಡ, ಎಲ್ಲ ಲಿಪಿಗಳ ಅಕ್ಷರ-ಚಿಹ್ನೆಗಳಿಗೂ ಒಂದೊಂದು ಸಂಕೇತ ಕೊಡುವ ಯುನಿಕೋಡ್ ಎಂಬ ಪದ್ಧತಿಯಲ್ಲಿ ಹೋಗುವುದರಿಂದ 70 ಸಂಕೇತಗಳಷ್ಟೇ. ಅದನ್ನು ಮೀರಿದರೆ ಎರಡು ಭಾಗವಾಗಿ ಹೋಗುತ್ತದೆ, ಖರ್ಚೂ ಎರಡರಷ್ಟು. ಒಕ್ಕಣೆಯನ್ನು ಲೆಕ್ಕ ಹಾಕಿದಾಗ ಹೆಸರಿಗೆ ಉಳಿದದ್ದು ಹತ್ತೇ. ಹತ್ತು ಅಕ್ಷರ ಯಾರ ಹೆಸರಿಗೂ ಧಾರಾಳವಾಯಿತು ಎಂದುಕೊಂಡು, ಅದಕ್ಕಿಂತ ಉದ್ದವಿದ್ದರೆ ಕತ್ತರಿಸುವಂತೆ ಬರೆದೆ. ಕನ್ನಡದ ಕೆಲಸ, ಇದೊಂದನ್ನಾದರೂ ನನಗಿಂತ ಚೆನ್ನಾಗಿ ಯಾರೂ ಮಾಡಲಾರರು ಎಂಬ ಹೆಮ್ಮೆಯೂ ಇತ್ತು.

ಮೂರನೆಯ ದಿನ ಆಸ್ಪತ್ರೆಯಿಂದ ಕರೆ ಬಂತು. ವಯಸ್ಸಾದ ಒಬ್ಬ ತಾಯಿ ಮೊಬೈಲ್ ಹಿಡಿದು ಬಂದು, ‘ಇದು ನನಗೇ ಬಂದದ್ದೇನಪ್ಪಾ, ಹೆಸರು ಅರ್ಧವೇ ಇದೆಯಲ್ಲ’ ಎಂದು ಕೇಳಿದರಂತೆ. ಪುಟ್ಟಲಕ್ಷ್ಮಮ್ಮ ಎಂಬ ಹೆಸರು ‘ಪುಟ್ಟಲಕ್ಷ್’ ಎಂದು ತುಂಡಾಗಿ ಹೋಗಿತ್ತು.

ನನ್ನ ಕೈ ತಣ್ಣಗಾಯಿತು. ಕಣ್ಣಿಗೆ ಅದು ಪು, ಟ್ಟ, ಲ, ಕ್ಷ್ಮ, ಮ್ಮ ಎಂಬ ಐದು ಅಕ್ಷರ. ಯುನಿಕೋಡ್‌ನಲ್ಲಿ ಕೊಂಬು ಒಂದು, ಒತ್ತಕ್ಷರ ಬರಿಸುವ ಪ್ರತಿ ಹಲಂತ ಚಿಹ್ನೆ (್) ಒಂದು, ಹೀಗೆ ಒಟ್ಟು 14. ನಾನು ಪರೀಕ್ಷೆಗೆ ಬಳಸಿದ್ದು ಕಮಲ, ರಮೇಶ ಇಂಥ ಹೆಸರುಗಳನ್ನು. ಗೊತ್ತಿಲ್ಲದ್ದರಲ್ಲಿ ಸೋತಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದ ಕಾಗುಣಿತದಲ್ಲೇ ಸೋತಿದ್ದೆ. ರಾಜೀನಾಮೆ ಪತ್ರದ ಮೊದಲ ಸಾಲು ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು.

ನಮ್ಮ ತಂಡದ ಹಿರಿಯ ಎಂಜಿನಿಯರ್ ಕೇರಳದವರು, ಇಪ್ಪತ್ತು ವರ್ಷದ ಅನುಭವ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಬೈಯಲಿಲ್ಲ. ಈ ಹೆಸರಿನಲ್ಲಿ ನಿಮ್ಮ ಕಣ್ಣಿಗೆ ಎಷ್ಟು ಅಕ್ಷರ ಕಾಣುತ್ತದೆ, ತೋರಿಸಿ ಎಂದರು. ಬೆರಳಿಟ್ಟು ಐದು ತೋರಿಸಿದೆ. ‘ಇದನ್ನು ಸರಿಯಾಗಿ ಎಣಿಸುವುದು ಹೇಗೆಂದು ನನಗೂ ಗೊತ್ತಿಲ್ಲ, ನೋಡೋಣ’ ಎಂದು ತಮ್ಮ ಲ್ಯಾಪ್‌ಟಾಪ್ ತೆರೆದರು. ಅಷ್ಟು ಸಲೀಸಾಗಿ, ಬಾಯಾರಿಕೆಯಾಗಿದೆ ಎನ್ನುವಷ್ಟು ಸಹಜವಾಗಿ ಒಬ್ಬರು ‘ಗೊತ್ತಿಲ್ಲ’ ಎಂದದ್ದನ್ನು ಆ ಕಚೇರಿಯಲ್ಲಿ ನಾನು ಮೊದಲ ಸಲ ಕೇಳಿದೆ. ಅಥವಾ ಬೇರೆಯವರೂ ಹೇಳಿದ್ದರೇನೋ, ತಲೆಯಾಡಿಸುವ ಗಡಿಬಿಡಿಯಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಅಕ್ಷರ ಬಿಡಿಸಲೆಂದೇ ಬೇರೆಯವರು ಬರೆದಿಟ್ಟ ಕೋಡ್, ಅಂದರೆ ಒಂದು ಸಿದ್ಧ ಲೈಬ್ರರಿಯನ್ನು ಪ್ರಯತ್ನಿಸಿದೆವು. ಅದೂ ‘ಕ್ಷ್ಮ’ವನ್ನು ಮೂರಾಗಿ ಒಡೆಯಿತು. ಅವರು ಮಲಯಾಳದ ಒಂದು ಹೆಸರು ಹಾಕಿ ನೋಡಿದರು, ನಾನು ಇನ್ನೊಂದು ಹೆಸರು. ಎರಡು ಗಂಟೆ ಹೀಗೇ ಕಳೆಯಿತು, ಅವರ ಎರಡು ಊಹೆಗಳೂ ತಪ್ಪಾದವು. ಕೊನೆಗೆ ನಾನೇ ಕೇಳಿದೆ: ಹೆಸರನ್ನು ಏಕೆ ಕತ್ತರಿಸಬೇಕು? ಸಂದೇಶದ ತುದಿಯಲ್ಲಿ ‘ಎಂದು ಈ ಮೂಲಕ ತಿಳಿಸಲಾಗಿದೆ’ ಎಂದಿತ್ತು. ಎಣಿಸಿದರೆ ಅದೇ 23 ಸಂಕೇತ ನುಂಗಿತ್ತು. ‘ನಾಳೆ 10 ಗಂಟೆಗೆ ಇದೆ’ ಎಂದರೆ ಸಾಲದೇ? ಆದರೆ ಬದಲಾದ ಒಕ್ಕಣೆಯನ್ನು ಟೆಲಿಕಾಂ ನಿಯಮದಂತೆ ಮತ್ತೆ ನೋಂದಾಯಿಸಬೇಕಿತ್ತು. ಅಲ್ಲಿಯವರೆಗೆ ಹಳೆಯ ಒಕ್ಕಣೆಯೇ ಎರಡು ಭಾಗವಾಗಿ ಹೋಗಲಿ, ಖರ್ಚಿನ ಮಾತನ್ನು ತಾವು ನೋಡಿಕೊಳ್ಳುವುದಾಗಿ ಅವರು ಹೇಳಿದರು.

ತುಂಡಾದ ಹೆಸರಿನವರಿಗೆಲ್ಲ ಸಂಜೆಯೇ ಮತ್ತೆ ಸಂದೇಶ ಕಳಿಸಬೇಕಿತ್ತು. ಎದ್ದು ಹೊರಡುವಾಗ, ‘ಐಡೆಂಪೊಟೆಂಟ್ ಆಗಿರಲಿ’ ಎಂದರು. ನನ್ನ ಕೈ ತಾನಾಗಿಯೇ ಖಾನೆಗೆ ಹೋಯಿತು. ನೋಟ್‌ಬುಕ್ ಹೊರಗೂ ಬಂದಿತ್ತು. ಅದನ್ನು ಮೇಜಿನ ಮೇಲಿಟ್ಟು, ಹಾಗೆಂದರೇನು ಎಂದು ಕೇಳಿದೆ. ಧ್ವನಿ ಸ್ವಲ್ಪ ನಡುಗಿರಬೇಕು.

ಅವರು ನಿಂತಲ್ಲೇ ಹೇಳಿದರು. ಲಿಫ್ಟ್ ಕರೆಯುವ ಗುಂಡಿಯನ್ನು ಒಮ್ಮೆ ಒತ್ತಿದರೂ ಹತ್ತು ಸಲ ಒತ್ತಿದರೂ ಬರುವುದು ಒಂದೇ ಲಿಫ್ಟ್. ಹಾಗೆಯೇ ಈ ಕೆಲಸ ನಡುವೆ ನಿಂತು ಮತ್ತೆ ಶುರುವಾದರೂ ಒಬ್ಬರಿಗೆ ಒಂದೇ ಸಂದೇಶ ಹೋಗಬೇಕು. ಒಂದು ನಿಮಿಷವೂ ಹಿಡಿಯಲಿಲ್ಲ.

ರಾತ್ರಿ ಎಂಟೂವರೆಗೆ ಸಂದೇಶಗಳು ಹೊರಟವು. ನಡುವೆ ಒಮ್ಮೆ ಸಂಪರ್ಕ ಕಡಿದು, ಮತ್ತೆ ಓಡಿಸಬೇಕಾಯಿತು. ಯಾರಿಗೂ ಎರಡು ಸಲ ಹೋಗಲಿಲ್ಲ. ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಏರುತ್ತಿದ್ದವು. ಪುಟ್ಟಲಕ್ಷ್ಮಮ್ಮ ಬಂದಾಗ ಮೆಲ್ಲಗೆ ಬಾಯಿಬಿಟ್ಟು ಓದಿದೆ, ಒತ್ತುಗಳನ್ನೆಲ್ಲ ಸೇರಿಸಿ.