ಎಂಟನೇ ತರಗತಿಯ ಆಚೆ

ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನ ಬಳಿಗೆ ಪ್ರತಿ ವರ್ಷ ಜನವರಿ ಕಳೆಯುತ್ತಿದ್ದಂತೆ ತರಗತಿ ಶಿಕ್ಷಕರ ಚೀಟಿಗಳು ಬರತೊಡಗುತ್ತವೆ. ‘ಓದಿನಲ್ಲಿ ಆಸಕ್ತಿ ಇಲ್ಲ’, ‘ಎದುರುತ್ತರ ಕೊಡುತ್ತಾನೆ’, ‘ಯಾರೊಡನೆಯೂ ಬೆರೆಯುವುದಿಲ್ಲ’ ಎಂದು ಅವುಗಳಲ್ಲಿ ಬರೆದಿರುತ್ತದೆ. ಕೆಲವು ವರ್ಷಗಳ ಚೀಟಿಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದಾಗ, ಅವುಗಳಲ್ಲಿ ಬಹಳಷ್ಟು ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಉಚಿತ ಸೀಟು ಪಡೆದ ಎಂಟನೇ ತರಗತಿಯ ಮಕ್ಕಳವೇ ಆಗಿದ್ದವು. ನನ್ನ ಪಿಎಚ್.ಡಿ. ಅಧ್ಯಯನ ಹುಟ್ಟಿದ್ದು ಅಲ್ಲಿಂದ.

2009ರ ಶಿಕ್ಷಣ ಹಕ್ಕು ಕಾಯ್ದೆಯು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ. 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತಾದರೂ, ಉಚಿತ ಶಿಕ್ಷಣದ ಹೊಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಕರ್ನಾಟಕದಲ್ಲಿ 2012-13ರಲ್ಲಿ ಒಂದನೇ ತರಗತಿಗೆ ಸೇರಿದ ಮೊದಲ ತಂಡದ ಮಕ್ಕಳು ಎಂಟು ಮುಗಿಸುವ ಹೊತ್ತಿಗೆ, 2020ರ ಬೇಸಿಗೆಯಲ್ಲಿ, ಶಾಲೆಗಳೇ ಮುಚ್ಚಿದ್ದವು. ಅಪ್ಪ-ಅಮ್ಮನ ದುಡಿಮೆ ನಿಂತುಹೋದ ಕಾಲದಲ್ಲಿ ಒಂಬತ್ತನೇ ತರಗತಿಯ ಪೂರ್ತಿ ಶುಲ್ಕದ ಪ್ರಶ್ನೆ ಅವರ ಮನೆಬಾಗಿಲಿಗೆ ಬಂದಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದು 2019ರಲ್ಲಿ ನಿಯಮ ಬದಲಾಯಿತು. ಹಾಗಾಗಿ ಇದು ಮುಗಿದ ಕಥೆಯೆಂದು ಹಲವರು ಭಾವಿಸಿದ್ದಾರೆ. ಆದರೆ ಅದಕ್ಕೆ ಮುಂಚೆ ಎಲ್‌ಕೆಜಿಗೆ ಸೇರಿದ ಕೊನೆಯ ತಂಡದ ಮಕ್ಕಳು ಎಂಟನೇ ತರಗತಿ ದಾಟುವುದು 2028ರಲ್ಲಿ.

ಶುಲ್ಕ ಕಟ್ಟಲಾಗದೆ ಟಿಸಿ ಪಡೆದವರಲ್ಲಿ ಕೆಲವರು ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಗೆ ಸೇರುತ್ತಾರೆ. ಎಂಟು ವರ್ಷ ‘ಫೋಟೋಸಿಂಥೆಸಿಸ್’ ಎಂದು ಓದಿದ ಮಗು ‘ದ್ಯುತಿಸಂಶ್ಲೇಷಣೆ’ ಎಂಬ ಪದದ ಮುಂದೆ ತಡವರಿಸುತ್ತದೆ; ಮನೆಮಾತು ಕನ್ನಡವೇ ಆಗಿದ್ದರೂ ಅಷ್ಟೇ. ಎಸ್‌ಎಸ್‌ಎಲ್‌ಸಿಗೆ ಉಳಿದಿರುವುದು ಎರಡೇ ವರ್ಷ.

ನನ್ನ ಕೊಠಡಿಯಲ್ಲಿ ಮಕ್ಕಳು ನಂಬಿ ಹೇಳಿದ ಯಾವ ಮಾತನ್ನೂ ನಾನು ಅಧ್ಯಯನಕ್ಕೆ ಬಳಸುತ್ತಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ನನ್ನ ಶಾಲೆಯನ್ನೇ ಹೊರಗಿಟ್ಟು, ಬೇರೆ ಶಾಲೆಗಳ ಕುಟುಂಬಗಳನ್ನು ಮಾತನಾಡಿಸುತ್ತಿದ್ದೇನೆ. ಮೊದಲ ಸಂದರ್ಶನದ ದಿನ, ನಾಲ್ಕು ಮನೆಗಳ ಕೆಲಸ ಮುಗಿಸಿ ಬಂದ ತಾಯಿಯೊಬ್ಬರು ನನ್ನ ಎರಡು ಪುಟದ ಒಪ್ಪಿಗೆ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು, “ಸಹಿ ಹಾಕದಿದ್ದರೆ ಮಗಳ ಸೀಟು ಹೋಗುತ್ತಾ ಮೇಡಂ?” ಎಂದು ಕೇಳಿದರು. ಸಹಿ ಹಾಕುವುದೂ ಬಿಡುವುದೂ ನಿಮ್ಮ ಇಷ್ಟ ಎಂಬ ಸಾಲು ಆ ಪತ್ರದಲ್ಲಿ ಇದ್ದೇ ಇತ್ತು. ಆದರೂ ಶಾಲೆಯ ಹೆಸರಿನಲ್ಲಿ ಬಂದ ಪ್ರತಿಯೊಂದು ಕಾಗದಕ್ಕೂ ಹೆದರುತ್ತಲೇ ಎಂಟು ವರ್ಷ ಕಳೆದಿದ್ದ ಅವರಿಗೆ ನನ್ನ ಗ್ರಾಂಥಿಕ ಭಾಷೆ ಧೈರ್ಯ ಕೊಡಲಿಲ್ಲ. ಅಂದು ಸಂದರ್ಶನ ನಡೆಸದೆ ಚಹಾ ಕುಡಿದು ಹಿಂದಿರುಗಿದೆ.

ಒಪ್ಪಿಗೆ ಪತ್ರವನ್ನು ಆಡುಮಾತಿನಲ್ಲಿ ಒಂದೇ ಪುಟಕ್ಕೆ ಇಳಿಸಿ, ‘ಇದಕ್ಕೂ ಶಾಲೆಗೂ ಸಂಬಂಧವಿಲ್ಲ’ ಎಂಬ ಮಾತನ್ನು ಮೊದಲ ಸಾಲಿಗೇ ತಂದಿದ್ದೇನೆ. ನನ್ನ ಮಾರ್ಗದರ್ಶಕರು ಒಪ್ಪಿದ್ದಾರೆ. ಬರುವ ಭಾನುವಾರ ಅದೇ ಮನೆಗೆ ಮತ್ತೆ ಹೋಗುತ್ತಿದ್ದೇನೆ. ಅವರ ಪ್ರಶ್ನೆಯನ್ನು ಇಲ್ಲಿ ಬರೆಯಬಹುದೆಂದು ಫೋನಿನಲ್ಲಿ ಹೇಳಿದವರೂ ಅವರೇ.